ಒಬ್ಬರೇ ಕ್ರೂಸ್‌ಗೆ ಹೋಗಬಹುದಾ ಅಂತ ಕೇಳಿದ ಗದಗಿನ ಅಕ್ಕಾರಿಗೆ

ಅಕ್ಕಾರೆ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ನೋಡಿದೆ. ಫೋನಿನಲ್ಲಿ ಬರೆದರೆ ಮುಗಿಯೋ ಮಾತಲ್ಲ ಅಂತ ಇವತ್ತು ಮಗನ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೇನೆ. ನೀವು ಕೇಳಿದ್ದು ನಾಲ್ಕು. ಒಬ್ಬರೇ ಹೋದರೆ ಎರಡು ಪಟ್ಟು ದುಡ್ಡು ಯಾಕೆ? ಹೆಣ್ಣುಮಗಳು ಒಬ್ಬಳೇ ಹಡಗಿನಲ್ಲಿ ಇರಬಹುದಾ? ಅರಬೈಲ್ ಘಟ್ಟದಲ್ಲೇ ವಾಂತಿ ಆಗುವವರ ಗತಿ ಸಮುದ್ರದಲ್ಲಿ ಏನು? ಮಾತಾಡೋಕೆ ಯಾರೂ ಇಲ್ಲದೆ ಬೇಜಾರಾಗಲ್ವಾ?

ಅದರ ಕೆಳಗೆ ಒಬ್ಬರು "ಅಷ್ಟು ದುಡ್ಡಿಗೆ ಕಾಶಿಗೆ ಹೋಗಿ ಬರಬಹುದು" ಅಂತ ಬರೆದಿದ್ದಾರೆ. ನಮ್ಮ ಓಣಿಯಲ್ಲೂ ಇದೇ ಮಾತು ಬಂದಿತ್ತು. "ಒಬ್ಬಾಕಿನ ಹೊಂಟೀರೇನ್ರೀ? ಯಜಮಾನ್ರು ಬರೂದಿಲ್ಲೇನು?" ನಮ್ಮ ಯಜಮಾನರಿಗೆ ಉಣಕಲ್ ಕೆರೆ ದಂಡೆಯಲ್ಲಿ ನಿಂತರೇ ತಲೆ ತಿರುಗುತ್ತದೆ. ಅವರು ಬರಲಿ ಅಂತ ಕಾಯ್ದಿದ್ದರೆ ನಾನು ಇನ್ನೂ ಹುಬ್ಬಳ್ಳಿಯ ವಿದ್ಯಾನಗರದಲ್ಲೇ ಕೂತಿರುತ್ತಿದ್ದೆ. ಈಗ ಎರಡು ಸಲ ಒಬ್ಬಳೇ ಹೋಗಿ ಬಂದಿದ್ದೇನೆ. ಮೊದಲು ಮುಂಬೈನಿಂದ ಲಕ್ಷದ್ವೀಪ, ಆಮೇಲೆ ಸಿಂಗಾಪುರದಿಂದ ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್. ಎರಡರಲ್ಲೂ ನನಗೆ ಕಂಡದ್ದು ಒಂದೇ. ಹಡಗಿನ ಮೇಲೆ ಒಬ್ಬರೇ ಇರೋದು ಕಷ್ಟವೇ ಅಲ್ಲ. ಕಷ್ಟ ಇರೋದು ಹತ್ತುವ ಮೊದಲು, ಮತ್ತೆ ನಡುವೆ ಇಳಿದಾಗ.

ಮೊದಲು ದುಡ್ಡಿನ ವಿಷಯ. ಹಡಗಿನ ಕ್ಯಾಬಿನ್, ಅಂದರೆ ಮಲಗುವ ಕೋಣೆಗಳನ್ನು ಇಬ್ಬರಿಗೆ ಅಂತಲೇ ಲೆಕ್ಕ ಹಾಕಿ ಮಾರುತ್ತಾರೆ. ಜಾಹೀರಾತಿನಲ್ಲಿ ಕಾಣುವ ದರ ತಲಾ ದರ, ಅದೂ ಇಬ್ಬರು ಸೇರಿದಾಗ. ಒಬ್ಬರೇ ಹೋದರೆ ಖಾಲಿ ಮಂಚದ ದುಡ್ಡೂ ನಮ್ಮ ತಲೆ ಮೇಲೆ. ಇದಕ್ಕೆ ಸಿಂಗಲ್ ಸಪ್ಲಿಮೆಂಟ್ ಅಂತಾರೆ. ಕೆಲವು ಸಲ ಅರ್ಧ ಜಾಸ್ತಿ, ಬಹಳ ಸಲ ಪೂರ್ತಿ ಎರಡು ಪಟ್ಟು. ಆದರೆ ಒಂದು ಸಣ್ಣ ಸಮಾಧಾನ ಇದೆ. ಬಂದರು ಶುಲ್ಕ ಮತ್ತು ದಿನದ ಟಿಪ್ಸ್ ಸಾಮಾನ್ಯವಾಗಿ ತಲೆ ಲೆಕ್ಕ, ಕ್ಯಾಬಿನ್ ಲೆಕ್ಕ ಅಲ್ಲ. ಅವು ಒಬ್ಬರದೇ. ಅದಕ್ಕೇ "ತಲಾ ದರ ಎಷ್ಟು" ಅಂತ ಕೇಳಲೇಬೇಡಿ. "ಒಬ್ಬರೇ ಒಂದು ಕ್ಯಾಬಿನ್‌ನಲ್ಲಿ, ಎಲ್ಲಾ ಶುಲ್ಕ, ತೆರಿಗೆ, ಟಿಪ್ಸ್ ಸೇರಿ ಒಟ್ಟು ಎಷ್ಟು" ಅಂತ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಯಾಕೆ ಹೇಳ್ತೀನಿ ಅಂದ್ರೆ, ನನ್ನ ಮೊದಲ ಏಜೆಂಟ್ ಬಾಯಿಮಾತಿನಲ್ಲೇ "ಸಿಂಗಲ್ ಅಂದ್ರೂ ನಡೀತದ್ರೀ ಮೇಡಂ, ನೀವ್ ಚಿಂತಿ ಮಾಡಬ್ಯಾಡ್ರಿ" ಅಂದಿದ್ದ. ಮುಂಗಡ ತಗೊಂಡ. ಹೊರಡೋಕೆ ಹತ್ತು ದಿನ ಇದ್ದಾಗ ಫೋನ್ ಬಂತು. ಇನ್ನೊಂದು ಮಂಚದ ವ್ಯತ್ಯಾಸ ಕಟ್ಟಬೇಕಂತೆ, ಇಲ್ಲದಿದ್ದರೆ ಬುಕಿಂಗ್ ನಿಲ್ಲೋದಿಲ್ಲವಂತೆ. ಹಿಂದೆ ಸರಿದರೆ ಮುಂಗಡ ಹೋಗುತ್ತದೆ. ಕಟ್ಟಿದೆ. ಮೂರು ದಿನ ಸಿಟ್ಟಿನಲ್ಲೇ ಸೀರೆ ಮಡಚಿದೆ.

ಒಬ್ಬರಿಗೆ ಅಂತಲೇ ಕಟ್ಟಿದ ಕ್ಯಾಬಿನ್‌ಗಳೂ ಇವೆ. 2010ರಲ್ಲಿ ಬಂದ ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ ಇಂಥ 128 ಕೋಣೆ ಮಾಡಿದರು, ಸ್ಟುಡಿಯೋ ಅಂತ ಹೆಸರು. ಸುಮಾರು 100 ಚದರಡಿ. ನಮ್ಮ ಹಳೇ ಮನೆಗಳ ಅಡುಗೆಮನೆ ಅಷ್ಟೇ ಅನ್ನಿ. ಸಮುದ್ರದ ಕಡೆ ಕಿಟಕಿ ಇಲ್ಲ, ಆದರೆ ಒಬ್ಬರೇ ಬಂದವರು ಸೇರಿ ಕೂರೋಕೆ ಬೇರೆ ಲೌಂಜ್ ಇದೆ. ಆಮೇಲೆ ಬೇರೆ ಕಂಪನಿಗಳೂ ಇಂಥವು ಮಾಡಿದವು. ಸಂಖ್ಯೆ ಕಡಿಮೆ, ಬೇಗ ತುಂಬಿ ಹೋಗುತ್ತವೆ. ಸಿಕ್ಕರೂ ಸುಮ್ನೆ ಖುಷಿಯಾಗಬೇಡಿ, ಅದೇ ಹಡಗಿನ ಕಿಟಕಿ ಇಲ್ಲದ ಮಾಮೂಲಿ ಕ್ಯಾಬಿನ್‌ಗೆ ಒಬ್ಬರಿಗೆ ಎಷ್ಟು ಅಂತ ಪಕ್ಕದಲ್ಲಿ ಇಟ್ಟು ನೋಡಿ. ಎಷ್ಟೋ ಸಲ ಅದೇ ಅಗ್ಗ.

ಟೂರ್ ಗುಂಪಿನವರು "ಇನ್ನೊಬ್ಬ ಲೇಡೀಸ್ ಜೊತೆ ರೂಂ ಶೇರ್ ಮಾಡಿ" ಅಂತಾರೆ. ದುಡ್ಡು ಉಳಿಯುತ್ತದೆ, ನಿಜ. ನಾನಂತೂ ಮಾಡಲ್ಲ. ಗುರುತಿಲ್ಲದವರ ಗೊರಕೆ ಕೇಳೋಕೆ ಇಷ್ಟು ದೂರ ಯಾಕೆ ಹೋಗಬೇಕು?

ಯಾವ ಮಾರ್ಗ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ವಾಂತಿಯ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಮುಂಬೈನಿಂದ ಕಾರ್ಡೆಲಿಯಾ ಅನ್ನೋ ಕ್ರೂಸ್ ಕಂಪನಿಯವರು 2021ರ ಸೆಪ್ಟೆಂಬರ್‌ನಲ್ಲಿ ಪ್ರವಾಸ ಶುರು ಮಾಡಿದರು. ಅವರ ಎಂಪ್ರೆಸ್ ಹಡಗು ಹೊಸದೇನಲ್ಲ, 1990ರಲ್ಲಿ ಕಟ್ಟಿದ್ದು, ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಗೋವಾ, ಲಕ್ಷದ್ವೀಪದ ಕಡೆ ಹೋಗೋದಾದರೆ ಪಾಸ್‌ಪೋರ್ಟ್ ಬೇಕಿಲ್ಲ, ಫೋಟೋ ಇರುವ ಮೂಲ ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕೆ ಮಾತ್ರ ನಮ್ಮ ದೇಶದವರಿಗೂ ಪರ್ಮಿಟ್ ಬೇಕು, ಅದಕ್ಕೆ ಕಾಗದಪತ್ರ ಮುಂಚೆನೇ ಕೊಡಬೇಕು. ದ್ವೀಪದ ಹತ್ತಿರ ದೊಡ್ಡ ಹಡಗು ಹೋಗಲ್ಲ. ದೂರ ನಿಂತು ಸಣ್ಣ ಬೋಟಿನಲ್ಲಿ ಇಳಿಸುತ್ತಾರೆ. ಗಾಳಿ ಜಾಸ್ತಿ ಇದ್ದರೆ ಇಳಿಸೋದೇ ಇಲ್ಲ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬಿ ಸಮುದ್ರ ಕುದಿಯುತ್ತಿರುತ್ತದೆ, ಆಗ ಆ ಕಡೆ ಯೋಚನೆಯೇ ಬೇಡ.

ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆ ಹೋಗುವ ಹಡಗು ಬಹುಪಾಲು ಮಲಾಕ್ಕಾ ಜಲಸಂಧಿಯಲ್ಲೇ ಸಾಗುತ್ತದೆ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ, ನಡುವೆ ಎರಡೂ ಕಡೆ ಆಸರೆ ಇರುವ ನೀರು. ಅಲೆ ಕಡಿಮೆ. ನೀವು ಘಟ್ಟದಲ್ಲೇ ಕವರ್ ಹಿಡಿಯುವವರಾದರೆ ನನ್ನ ಮತ ಇದಕ್ಕೇ.

ಕ್ಯಾಬಿನ್ ತಗೊಳ್ಳುವಾಗ ಕೆಳಗಿನ ಡೆಕ್ (ಹಡಗಿನ ಮಹಡಿಗೆ ಡೆಕ್ ಅಂತಾರೆ), ಹಡಗಿನ ನಡುಭಾಗ ಕೇಳಿ. ತೊಟ್ಟಿಲಿನ ಹಾಗೆ ನಡುವೆ ತೂಗಾಟ ಕಡಿಮೆ, ತುದಿಗಳಲ್ಲಿ ಜಾಸ್ತಿ. ಬಾಲ್ಕನಿ ಆಸೆಗೆ ಮೇಲೆ ಮುಂದಿನ ತುದಿಯಲ್ಲಿ ತಗೊಂಡು ಮಲಗಿದಲ್ಲೇ ಮಲಗಿದವರನ್ನು ಕಂಡಿದ್ದೇನೆ. ವಾಂತಿ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳಿ ಒಯ್ಯಿರಿ, ಬಿಪಿ ಶುಗರ್ ಮಾತ್ರೆ ಇದ್ದರೆ ಅದನ್ನೂ ಹೇಳಿ. ಹೊಟ್ಟೆ ತೊಳಸೋಕೆ ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ, ಮೊದಲೇ ತಗೋಬೇಕು. ನಿದ್ದೆ ಬರುತ್ತದೆ, ಬರಲಿ. ತಲೆ ತಿರುಗಿದರೆ ಫೋನ್ ಕೆಳಗಿಟ್ಟು ತೆರೆದ ಡೆಕ್ ಮೇಲೆ ಬನ್ನಿ, ನೀರು ಆಕಾಶ ಕೂಡುವ ಗೆರೆ ನೋಡುತ್ತಾ ನಿಲ್ಲಿ. ಮೈ ತೂಗುತ್ತಿದೆ ಅಂತ ಕಿವಿಯ ಒಳಭಾಗ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳ ತಪ್ಪಿದಾಗಲೇ ಈ ಸಂಕಟ. ಮುಚ್ಚಿದ ಕೋಣೆಯಲ್ಲಿ ಅದು ಇನ್ನೂ ಜಾಸ್ತಿ.

ಇನ್ನು ಹತ್ತುವ ದಿನ. ನಾನು ಮೊದಲ ಸಲ ಸ್ಟೀಲ್ ಡಬ್ಬಿಯಲ್ಲಿ ಇಪ್ಪತ್ತು ಖಡಕ್ ರೊಟ್ಟಿ ತುಂಬಿಕೊಂಡು ಹೋಗಿದ್ದೆ. ಮುಂಬೈನಲ್ಲಿ ಹಡಗು ಹತ್ತುವ ಕಟ್ಟೆ ಬಲ್ಲಾರ್ಡ್ ಪಿಯರ್‌ನಲ್ಲಿ ವಿಮಾನ ನಿಲ್ದಾಣದ ಹಾಗೆ ಬ್ಯಾಗ್ ಎಕ್ಸ್‌ರೇ ಮಾಡುತ್ತಾರೆ. ಪರದೆ ಮೇಲೆ ಕರ್ರಗೆ ಒಂದು ಉರುಳೆ, ಒಳಗೆ ಗೆರೆಗೆರೆ. ಕಾವಲಿನವನು ಬೆಲ್ಟ್ ನಿಲ್ಲಿಸಿದ, ಹಿಂದೆ ತಂದ, ಮತ್ತೆ ಮುಂದೆ ಬಿಟ್ಟ. ಇನ್ನೊಬ್ಬನನ್ನು ಕರೆದ. ಇಬ್ಬರೂ ತಲೆ ಬಗ್ಗಿಸಿ ನೋಡಿದರು. ನಾನು ಮುಚ್ಚಳ ತೆಗೆದ ಕೂಡಲೇ ಅವನ ಮುಖ ಅರಳಿತು. "ಅರೇ, ಭಾಕರಿ!" ನಕ್ಕ, ಆದರೆ ಒಳಗೆ ಬಿಡಲಿಲ್ಲ. ಮನೆಯ ಅಡುಗೆ ಒಯ್ಯುವ ಹಾಗಿಲ್ಲವಂತೆ. ಅಂಗಡಿಯಲ್ಲಿ ತಗೊಂಡು ಸೀಲ್ ಇದ್ದ ಶೇಂಗಾ ಹಿಂಡಿ ಪೊಟ್ಟಣ ಮಾತ್ರ ಪಾಸಾಯಿತು. ಅದು ಸಾಕಾಯಿತು ಬಿಡಿ. ಹಡಗಿನ ಮೊಸರನ್ನಕ್ಕೆ ಅದರಿಂದಲೇ ಜೀವ ಬಂದದ್ದು. ಇಸ್ತ್ರಿ ಪೆಟ್ಟಿಗೆ, ಕೆಟಲ್, ನೀರು ಕಾಯಿಸುವ ರಾಡ್ ಒಯ್ಯಬೇಡಿ, ಬೆಂಕಿಯ ಭಯಕ್ಕೆ ತೆಗೆದಿಡುತ್ತಾರೆ.

ದೊಡ್ಡ ಸೂಟ್‌ಕೇಸ್ ದಡದಲ್ಲೇ ತಗೊಳ್ಳುತ್ತಾರೆ. ಅದು ಕ್ಯಾಬಿನ್ ಬಾಗಿಲಿಗೆ ಬರೋಕೆ ಗಂಟೆಗಟ್ಟಲೆ ಹಿಡಿಯಬಹುದು. ಮಾತ್ರೆ, ಕನ್ನಡಕ, ಚಾರ್ಜರ್, ಒಂದು ಜೊತೆ ಬಟ್ಟೆ, ಕಾಗದಪತ್ರ ಎಲ್ಲಾ ಕೈಚೀಲದಲ್ಲಿ ಇರಲಿ. ಜೊತೆಗೆ ಇನ್ನೊಬ್ಬರಿದ್ದರೆ ಅವರ ಬ್ಯಾಗಿನಿಂದ ಏನಾದರೂ ಸಿಗುತ್ತದೆ. ನಮಗೆ ಆ ಅನುಕೂಲ ಇಲ್ಲ.

ಹತ್ತಿದ ಕೂಡಲೇ ತುರ್ತು ಸಮಯದ ತಾಲೀಮು ಇರುತ್ತದೆ. ತಪ್ಪಿಸಬೇಡಿ. ಏಳು ಸಲ ಗಿಡ್ಡ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲರೂ ತಮ್ಮ ಜಾಗಕ್ಕೆ ಬಂದು ಸೇರಬೇಕು. ನಿಮ್ಮ ಜಾಗ ಯಾವುದು ಅಂತ ಕ್ಯಾಬಿನ್ ಕಾರ್ಡ್ ಮೇಲೇ ಬರೆದಿರುತ್ತದೆ. ಕ್ಯಾಬಿನ್‌ನಿಂದ ಅಲ್ಲಿಗೆ ಒಂದು ಸಲ ಮೆಟ್ಟಿಲಲ್ಲಿ ನಡೆದು ನೋಡಿ, ಲಿಫ್ಟ್ ಬೇಡ. ರಾತ್ರಿ ಎಬ್ಬಿಸೋಕೆ ಪಕ್ಕದಲ್ಲಿ ಯಾರೂ ಇರಲ್ಲ.

ಸುರಕ್ಷತೆ ಬಗ್ಗೆ ಹೆದರಿದ್ದೀರಿ. ನನಗೆ ಹಡಗಿಗಿಂತ ಮುಂಬೈಗೆ ಹೋಗುವ ರಾತ್ರಿ ಬಸ್ಸೇ ಭಯ. ಹಡಗಿನಲ್ಲಿ ಎಲ್ಲಾ ಕಡೆ ಕ್ಯಾಮೆರಾ, ಬಾಗಿಲಿಗೆ ಒಳಗಿನ ಚಿಲಕ, ಯಾವ ಹೊತ್ತಿಗೂ ಎದ್ದಿರುವ ರಿಸೆಪ್ಷನ್. ಕ್ಯಾಬಿನ್ ನಂಬರ್ ಯಾರಿಗೂ ಹೇಳಬೇಡಿ, ನಡುರಾತ್ರಿ ಖಾಲಿ ಡೆಕ್ ಮೇಲೆ ಒಬ್ಬರೇ ಕೂರಬೇಡಿ. ಇಷ್ಟೇ. ಆದರೆ ಹೊರದೇಶದ ಪ್ರವಾಸಕ್ಕೆ ವಿಮೆ ಮಾತ್ರ ಮಾಡಿಸಲೇಬೇಕು. ಹಡಗಿನ ಡಾಕ್ಟರ್ ಬಿಲ್ ಡಾಲರ್ ಲೆಕ್ಕದಲ್ಲಿ ಬರುತ್ತದೆ.

ಬೇಜಾರಿನ ಪ್ರಶ್ನೆ. ಸಿಂಗಾಪುರದ ಹಡಗಿನಲ್ಲಿ ಮೊದಲ ಸಂಜೆ ನನಗೂ ಆಯಿತು, ಸುಳ್ಳು ಯಾಕೆ ಹೇಳಲಿ. ಊಟದ ಹಾಲ್ ಬಾಗಿಲಲ್ಲಿ "ಎಷ್ಟು ಜನ" ಅಂತ ಕೇಳಿದಾಗ "ಒಬ್ಬಳೇ" ಅನ್ನೋಕೆ ನಾಲಿಗೆ ತಡವರಿಸಿತು. ಗೋಡೆ ಪಕ್ಕದ ಎರಡು ಕುರ್ಚಿಯ ಮೇಜು ಕೊಟ್ಟರು. ಎದುರಿನ ತಟ್ಟೆ, ಚಮಚ ಎಲ್ಲಾ ಎತ್ತಿಕೊಂಡು ಹೋದರು. ಆ ಖಾಲಿ ಜಾಗ ನೋಡುತ್ತಾ ಊಟ ಮಾಡೋದು ಬಹಳ ಕಷ್ಟ ರೀ. ಮರುದಿನ ಬೆಳಿಗ್ಗೆ ಹಾಲ್ ನೋಡಿಕೊಳ್ಳುವವರ ಹತ್ತಿರ ಹೋಗಿ, ದೊಡ್ಡ ಮೇಜಿನಲ್ಲಿ ಬೇರೆಯವರ ಜೊತೆ ಕೂರಿಸಿ ಅಂದೆ. ಅಷ್ಟೇ ಬೇಕಾಗಿತ್ತು. ಪುಣೆಯ ಮುದುಕ ದಂಪತಿ, ಕೊಯಮತ್ತೂರಿನ ಅಕ್ಕತಂಗಿಯರು, ನಾನು. ಮೂರನೇ ರಾತ್ರಿ ನಾನು ತಡವಾಗಿ ಹೋದಾಗ ಪುಣೆಯ ಅಜ್ಜಿ ನನ್ನ ಕುರ್ಚಿ ಮೇಲೆ ಪರ್ಸ್ ಇಟ್ಟು ಕಾಯುತ್ತಿದ್ದರು. ಬುಕಿಂಗ್ ಮಾಡುವಾಗಲೇ ನಿಗದಿತ ಹೊತ್ತಿನ ಊಟ, ದೊಡ್ಡ ಮೇಜು ಅಂತ ಬರೆಸಿಬಿಡಿ. ಸಸ್ಯಾಹಾರಿ ಅನ್ನೋದನ್ನೂ ಆಗಲೇ ಹೇಳಿ.

ಈಗ ಇಳಿಯುವ ಕಷ್ಟ. ಪೆನಾಂಗ್ ಸಲೀಸು. ಅಲ್ಲಿ ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಪಿಯರ್ ಜಾರ್ಜ್‌ಟೌನ್ ಊರಿಗೇ ಅಂಟಿಕೊಂಡಿದೆ, ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಿ ದೋಸೆ ತಿಂದು ಬಂದೆ. ಫುಕೆಟ್‌ನಲ್ಲಿ ನಮ್ಮನ್ನು ಬೋಟಿನಲ್ಲಿ ದಡಕ್ಕೆ ಬಿಟ್ಟರು. ಥಾಯ್ಲೆಂಡ್ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ಸಿಂಗಾಪುರದ ವೇಳೆಯಲ್ಲೇ ಇತ್ತು. ದಡ ಮುಟ್ಟಿದ ಕೂಡಲೇ ಫೋನ್ ತಾನೇ ಥಾಯ್ ವೇಳೆಗೆ ಬದಲಾಯಿತು. ನಾನು ಎಳನೀರು ಕುಡಿಯುತ್ತಾ ಕೂತಿದ್ದೆ, ಫೋನಿನಲ್ಲಿ 3.10. ಕೊನೆಯ ಬೋಟ್ 4.30ಕ್ಕೆ. ಇನ್ನೂ ಹೊತ್ತಿದೆ ಅಂತ ಇನ್ನೊಂದು ಎಳನೀರು ಹೇಳುವವಳಿದ್ದೆ. ಕೈಯಲ್ಲಿ ಅಪ್ಪನ ಕಾಲದ ಎಚ್‌ಎಂಟಿ ಇತ್ತು, ಅದನ್ನು ಬೆಳಿಗ್ಗೆ ಹಡಗಿನ ಗಡಿಯಾರ ನೋಡಿ ತಿರುಗಿಸಿದ್ದೆ. ಅದರಲ್ಲಿ 4.10! ಚಪ್ಪಲಿ ಕೈಯಲ್ಲಿ ಹಿಡಿದು ಮರಳಲ್ಲಿ ಓಡಿದೆ. ಒಬ್ಬರೇ ತಡವಾದರೆ ಹಡಗು ಕಾಯೋದಿಲ್ಲ ಅಕ್ಕಾರೆ. ಹಡಗಿನವರೇ ಕರೆದೊಯ್ಯುವ ಸುತ್ತಾಟವಾದರೆ ಅವರು ವಾಪಸ್ ಬರುವ ತನಕ ನೋಡುತ್ತಾರೆ, ನಾವೇ ಹೋದರೆ ನಮ್ಮದೇ ಜವಾಬ್ದಾರಿ. ಹೊಸ ಊರಿನಲ್ಲಿ, ದೂರದ ಜಾಗಕ್ಕೆ, ಹಡಗಿನವರ ಬಸ್ಸಿಗೇ ದುಡ್ಡು ಹಾಕಿ. ಶೋ, ಸ್ಪಾ ಅಂತ ಒಳಗೆ ಖರ್ಚು ಮಾಡೋದಕ್ಕಿಂತ ಅದು ಮೇಲು.

ಫೋನ್ ಅಂದ ಮೇಲೆ ಇನ್ನೊಂದು. ದಡ ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್. ಇಲ್ಲದಿದ್ದರೆ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದು ಬಿಲ್ ಏರುತ್ತದೆ. ಮನೆಯವರಿಗೆ "ಎರಡು ದಿನ ಮೆಸೇಜ್ ಬರಲ್ಲ" ಅಂತ ಹೇಳಿಯೇ ಹತ್ತಿ.

ಕೊನೆಯ ರಾತ್ರಿಯದ್ದು ಮರೆತಿದ್ದೆ. ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸ್ ಬಾಗಿಲ ಹೊರಗೆ ಇಡಬೇಕು, ಬೆಳಿಗ್ಗೆ ದಡದಲ್ಲಿ ಸಿಗುತ್ತದೆ. ನಾನು ಬಹಳ ಅಚ್ಚುಕಟ್ಟಾಗಿ ಎಲ್ಲಾ ತುಂಬಿ, ಬೀಗ ಹಾಕಿ, ಹೊರಗಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮೈಮೇಲಿನ ನೈಟಿ ಬಿಟ್ಟು ಇನ್ನೇನೂ ಇಲ್ಲ! ಅದರ ಮೇಲೆ ಶಾಲು ಹೊದ್ದು, ಬಾತ್‌ರೂಮಿನ ಹವಾಯಿ ಚಪ್ಪಲಿಯಲ್ಲೇ ಸಿಂಗಾಪುರದ ಇಮಿಗ್ರೇಷನ್ ಸಾಲಿನಲ್ಲಿ ನಿಂತೆ. ಪುಣೆಯ ಅಜ್ಜಿ ನಕ್ಕು ನಕ್ಕು ಕೆಮ್ಮಿದರು.

ನಿಮಗೆ ಪಾಸ್‌ಪೋರ್ಟ್ ಇದೆಯಾ, ಇಲ್ವಾ? ನೀವು ಬರೆದಿಲ್ಲ. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಗದಗಿನಿಂದ ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗಬಹುದು. ಇದ್ದರೆ ಅವಧಿ ನೋಡಿ, ಪ್ರವಾಸದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಸಿಂಗಾಪುರದ ವೀಸಾ ಒಂದಕ್ಕಿಂತ ಜಾಸ್ತಿ ಸಲ ಒಳಗೆ ಬರೋಕೆ ಆಗುವಂಥದ್ದೇ ಬೇಕು. ಹಡಗು ಹೊರಟು ಮತ್ತೆ ಅಲ್ಲಿಗೇ ಬರುತ್ತದಲ್ವಾ. ಏಜೆಂಟ್ ವೀಸಾ ಪ್ರತಿ ಕಳಿಸಿದ ಕೂಡಲೇ ಅದೊಂದು ಸಾಲು ನೋಡಿಕೊಳ್ಳಿ. ಅರ್ಥ ಆಗದಿದ್ದರೆ ಹೆಸರು, ನಂಬರ್ ಮುಚ್ಚಿ ಇಲ್ಲೇ ಫೋಟೋ ಹಾಕಿ, ನಾನು ನೋಡಿ ಹೇಳ್ತೀನಿ.