ನಾಚಿಕೆ ಸ್ವಭಾವ ಅಂತ ಅವಳ ಎದುರೇ ಹೇಳುತ್ತೀರಲ್ಲ!

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಊರು ಬೇರೆ, ಮಗು ಬೇರೆ, ಅಷ್ಟೆ. ಹಾಗಾಗಿ ಅದಕ್ಕೇ ಜಾಗ ಜಾಸ್ತಿ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾವು ಕೋಲಾರದಲ್ಲಿದ್ದೇವೆ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಹುಟ್ಟಿದಾಗಿನಿಂದ ನಾಚಿಕೆ ಸ್ವಭಾವ. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ನಿಂತುಬಿಡುತ್ತಾಳೆ. ಕ್ಲಾಸಿನಲ್ಲೂ ಪಿಸುಮಾತು. ರಜೆಯಲ್ಲಿ ಶ್ರೀನಿವಾಸಪುರದ ಹತ್ತಿರ ಅಜ್ಜಿ ಮನೆಗೆ ಹೋದರೆ ಮಾತ್ರ ಇವಳೇನಾ ಅನ್ನಿಸುತ್ತದೆ. ಮಾವಿನ ತೋಪಿಗೆ ಬರುವ ವ್ಯಾಪಾರಿಗಳ ಹತ್ತಿರ ತೆಲುಗಿನಲ್ಲಿ ಜಗಳಕ್ಕೇ ನಿಲ್ಲುತ್ತಾಳೆ. ಇದರಲ್ಲಿ ನಿಜವಾದ ಸ್ವಭಾವ ಯಾವುದು? ಎರಡು ವ್ಯಕ್ತಿತ್ವದ ಕಾಯಿಲೆ ಏನಾದರೂ ಇರಬಹುದಾ?

ಉತ್ತರ: ಆ ಕಾಯಿಲೆಯನ್ನು ನೀವು ಸಿನಿಮಾದಲ್ಲಿ ನೋಡಿದ್ದೀರಿ. ಬಿಟ್ಟುಬಿಡಿ. ಎರಡೂ ನಿಜವಾದ ಸ್ವಭಾವವೇ. ನೀವು ತವರಿನಲ್ಲಿ ಒಂದು ಥರ, ಅತ್ತೆ ಮನೆಯಲ್ಲಿ ಒಂದು ಥರ ಇರುವುದಿಲ್ವಾ? ನಮ್ಮನ್ನು ಗುರುತಿಸುವ ಜನ ಎಷ್ಟಿದ್ದಾರೋ ನಮ್ಮೊಳಗೆ ಅಷ್ಟು ‘ನಾನು’ ಇರುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು.

ನನಗೆ ಸಿಟ್ಟು ಬಂದಿದ್ದು ನಿಮ್ಮ ಮೂರನೇ ಸಾಲಿಗೆ. ‘ಹುಟ್ಟಿದಾಗಿನಿಂದ ನಾಚಿಕೆ ಸ್ವಭಾವ.’ ಈ ಮಾತನ್ನು ಅವಳ ಕಿವಿಗೆ ಬೀಳುವ ಹಾಗೆ ಎಷ್ಟು ಸಲ ಹೇಳಿದ್ದೀರಿ? ಮಕ್ಕಳನ್ನು ನೋಡುವ ನನ್ನ ಕೋಣೆಯಲ್ಲಿ ಇದು ದಿನಾ ನಡೆಯುತ್ತದೆ. ಮಗು ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸುತ್ತಾ ಕೂತಿರುತ್ತದೆ. ಅದರ ತಲೆಯ ಮೇಲಿಂದ ಅಪ್ಪ ಹೇಳುತ್ತಾರೆ, ‘ಇವನು ಸ್ವಲ್ಪ ಮಂದ, ಮೇಡಂ.’ ಪೆನ್ನು ಜೋಡಿಸುವ ಕೈ ಒಂದು ಕ್ಷಣ ನಿಲ್ಲುತ್ತದೆ. ನಾನು ನೋಡಿರುತ್ತೇನೆ, ಅಪ್ಪ ನೋಡಿರುವುದಿಲ್ಲ.

1902ರಲ್ಲಿ ಚಾರ್ಲ್ಸ್ ಕೂಲಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಇದಕ್ಕೆ ಕನ್ನಡಿಯ ಹೋಲಿಕೆ ಕೊಟ್ಟರು. ಎದುರಿಗಿರುವವರೇ ನಮ್ಮ ಕನ್ನಡಿ. ನಾನು ನಿಮಗೆ ಹೇಗೆ ಕಾಣುತ್ತೇನೆ ಅಂತ ಮೊದಲು ಊಹಿಸುತ್ತೇನೆ. ನೀವು ಅದನ್ನು ಮೆಚ್ಚಿದಿರಾ, ಮೂಗು ಮುರಿದಿರಾ ಅಂತ ಆಮೇಲೆ ಊಹಿಸುತ್ತೇನೆ. ಅದರಿಂದ ಹೆಮ್ಮೆಯೋ ಅವಮಾನವೋ ಆಗುತ್ತದೆ. ಎಲ್ಲವೂ ಮಗುವಿನ ಊಹೆ, ಗಮನಿಸಿ. ನಿಮ್ಮ ಮನಸ್ಸಿನಲ್ಲಿ ಪ್ರೀತಿ ಎಷ್ಟೇ ಇರಲಿ, ಅವಳ ಕೈಗೆ ಸಿಗುವುದು ನಿಮ್ಮ ಮಾತು ಮತ್ತು ಮುಖ ಮಾತ್ರ.

ಈಗ ನಿಮ್ಮ ಮನೆಯಲ್ಲಿ ನಡೆಯುವುದನ್ನು ನಾನೇ ಹೇಳಲಾ? ನೆಂಟರು ‘ಏನಮ್ಮಾ ನಿನ್ನ ಹೆಸರು’ ಅನ್ನುತ್ತಾರೆ. ಅವಳು ಬಾಯಿ ತೆರೆಯುವ ಮೊದಲೇ ನೀವು ‘ಅವಳಿಗೆ ನಾಚಿಕೆ’ ಅನ್ನುತ್ತೀರಿ. ಅವಳಿಗೆ ಉತ್ತರ ಕೊಡುವ ಕಷ್ಟ ತಪ್ಪಿತು. ಸ್ಕೂಲಿನ ಮಿಸ್‌ಗೂ ಇದನ್ನೇ ಹೇಳಿರುತ್ತೀರಿ. ಅವರು ಇವಳನ್ನು ಕೇಳುವುದನ್ನೇ ಬಿಡುತ್ತಾರೆ. ಪಕ್ಕದಲ್ಲಿ ಕೂತ ಹುಡುಗಿ ಇವಳ ಪರವಾಗಿ ಮಾತಾಡಲು ಶುರುಮಾಡುತ್ತಾಳೆ. ಅಜ್ಜಿಯ ಊರಿನಲ್ಲಿ ಈ ಕಥೆ ಯಾರಿಗೂ ಗೊತ್ತಿಲ್ಲ. ಅಲ್ಲಿ ಅವಳು ಹಣ್ಣಿನ ಕ್ರೇಟು ಎಣಿಸುವ ಮೊಮ್ಮಗಳು, ಅವಳ ಲೆಕ್ಕ ಎಲ್ಲರಿಗೂ ಬೇಕು.

ಹುಟ್ಟುಗುಣ ಅನ್ನುವುದು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಜೆರೋಮ್ ಕೇಗನ್ ಎಂಬ ಮನಶ್ಶಾಸ್ತ್ರಜ್ಞ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ಹೊಸ ಸದ್ದು ಕೊಟ್ಟು ನೋಡಿದರು. ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅತ್ತಿತು. ಮುಂದೆ ಅಂಥ ಕೂಸುಗಳು ಸಂಕೋಚದವರಾಗುವ ಸಾಧ್ಯತೆ ಜಾಸ್ತಿ. ಆದರೆ ಎಲ್ಲರೂ ಹಾಗಾಗಲಿಲ್ಲ.

ಎಂಟು ವರ್ಷ ಅನ್ನುವುದೂ ಮುಖ್ಯ. ನಾಲ್ಕು ವರ್ಷದ ಮಗುವನ್ನು ನೀನು ಹೇಗೆ ಅಂತ ಕೇಳಿದರೆ ‘ನನ್ನ ಹತ್ತಿರ ಸೈಕಲ್ ಇದೆ, ಜೋರಾಗಿ ಓಡ್ತೀನಿ’ ಅನ್ನುತ್ತದೆ. ಏಳೆಂಟರ ಹೊತ್ತಿಗೆ ಪಕ್ಕದವರ ಜೊತೆ ತನ್ನನ್ನು ತೂಗಿ ನೋಡುವುದು ಶುರು. ‘ನಾನು ಗಣಿತದಲ್ಲಿ ಡಲ್ಲು’ ಎಂಬ ಮಾತು ಆಗಲೇ ಬರುವುದು. ಈಗ ಅಂಟಿಸಿದ್ದು ಬೇಗ ಬಿಡುವುದಿಲ್ಲ. ನನ್ನನ್ನು ಮನೆಯಲ್ಲಿ ಅಳುಬುರುಕಿ ಅನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಬೇರೆಯವರ ಅಳು ಕೇಳುವ ಕೆಲಸ ಮಾಡುತ್ತಿದ್ದೇನೆ. ಮದುವೆ ಮನೆಯಲ್ಲಿ ನಮ್ಮ ಚಿಕ್ಕಮ್ಮ ಈಗಲೂ ಹಾಗೇ ಪರಿಚಯ ಮಾಡಿಸುತ್ತಾರೆ. ನನಗೆ ಈಗಲೂ ಉರಿಯುತ್ತದೆ.

ಏನು ಮಾಡಬೇಕು? ಯಾರಾದರೂ ಅವಳನ್ನು ಮಾತಾಡಿಸಿದಾಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಅವಳ ಪರವಾಗಿ ಉತ್ತರ ಕೊಡಬೇಡಿ. ‘ರೈಮ್ಸ್ ಹೇಳಮ್ಮಾ’ ಅಂತ ತಳ್ಳಲೂಬೇಡಿ, ಅದು ಶಿಕ್ಷೆ. ಕೈಗೆ ಒಂದು ಕೆಲಸ ಕೊಡಿ. ನೀರು ತಂದುಕೊಡಲಿ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರಲಿ. ಆಮೇಲೆ ‘ಜಾಣೆ’ ಅನ್ನಬೇಡಿ. ಅದೂ ಹಣೆಪಟ್ಟಿಯೇ. ಮನಶ್ಶಾಸ್ತ್ರಜ್ಞೆಯರಾದ ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬುದ್ಧಿವಂತರು ಅನ್ನಿಸಿಕೊಂಡ ಮಕ್ಕಳಲ್ಲಿ ಜಾಸ್ತಿ ಜನ ಆಮೇಲೆ ಸುಲಭದ ಸಮಸ್ಯೆಗಳನ್ನೇ ಆರಿಸಿದರು. ‘ಚಿಲ್ಲರೆ ಸರಿಯಾಗಿ ತಂದೆಯಲ್ಲ’ ಅಂದರೆ ಸಾಕು.

ಇನ್ನೊಂದು. ಅವಳು ಚಪ್ಪಲಿಗಳನ್ನು ಸಾಲಾಗಿ ಇಟ್ಟು ಟೀಚರ್ ಆಟ ಆಡುತ್ತಿದ್ದರೆ ಮರೆಯಲ್ಲಿ ನಿಂತು ಕೇಳಿ. ಮಕ್ಕಳು ಅಮ್ಮನಾಗಿ, ಟೀಚರಾಗಿ, ಕಂಡಕ್ಟರಾಗಿ ಆಡುತ್ತಲೇ ಬೇರೆಯವರ ಕಣ್ಣಿನಿಂದ ತಮ್ಮನ್ನು ನೋಡಲು ಕಲಿಯುತ್ತಾರೆ ಎಂದು ಅಮೆರಿಕದ ಚಿಂತಕ ಜಾರ್ಜ್ ಹರ್ಬರ್ಟ್ ಮೀಡ್ ಹೇಳಿದ್ದರು. ಲಗೋರಿಯಂಥ ಗುಂಪಿನ ಆಟ ಅದರ ಮುಂದಿನ ಮೆಟ್ಟಿಲು. ಅಲ್ಲಿ ಎಲ್ಲರ ಜಾಗವನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ಹಾಗಾಗಿ ಆ ಚಪ್ಪಲಿಗಳಿಗೆ ಯಾವ ಬೈಗುಳ ಬೀಳುತ್ತದೆ ಅಂತ ಕೇಳಿಸಿಕೊಳ್ಳಿ. ನಿಮ್ಮ ಮನೆಯ ಮಾತೋ, ಸ್ಕೂಲಿನ ಮಾತೋ ನಿಮಗೇ ಗೊತ್ತಾಗುತ್ತದೆ.

ಎಚ್ಚರಿಕೆಗೆ ಒಂದು ಮಾತು. ಪಿಸುಮಾತಾದರೂ ಇದೆಯಲ್ಲ, ಸದ್ಯ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಸ್ಕೂಲಿನಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಬಾಯಿಯೇ ತೆರೆಯದಿದ್ದರೆ ಕಾಯಬೇಡಿ, ತೋರಿಸಿ. ಸ್ಕೂಲಿಗೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಗೆ ಬಾಯಿ ತೆರೆಯದಿರುವುದು ನಾಚಿಕೆಯಲ್ಲ, ಬೇರೆ ತೊಂದರೆ. ಚಿಕಿತ್ಸೆ ಇದೆ.

ಪ್ರಶ್ನೆ: ಬೆರಳಚ್ಚು ನೋಡಿ ಮಗುವಿನ ಸ್ವಭಾವ, ಮುಂದಿನ ಓದು ಎಲ್ಲ ಹೇಳುತ್ತಾರಂತೆ. ಮಾಡಿಸೋಣವೇ? (ಚಿಕ್ಕಬಳ್ಳಾಪುರ)

ಉತ್ತರ: ಬೇಡ. ಬೆರಳಿನ ಗೆರೆ ಹೊಟ್ಟೆಯಲ್ಲಿದ್ದಾಗಲೇ ಮೂಡಿ ಮುಗಿದಿರುತ್ತದೆ. ನಿಮ್ಮ ಮಗು ಅಜ್ಜಿಯನ್ನು, ಮೇಷ್ಟರನ್ನು, ಬೀದಿಯ ಗೆಳೆಯರನ್ನು ನೋಡಿದ್ದು ಆಮೇಲೆ. ಹಸ್ತಸಾಮುದ್ರಿಕಕ್ಕೆ ಕಂಪ್ಯೂಟರ್ ಪ್ರಿಂಟ್ ಸೇರಿಸಿ ಸಾವಿರಾರು ರೂಪಾಯಿ ಕೀಳುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ಕ್ಲಾಸಿನ ಬಗ್ಗೆ ಬರೆದ ಮೂವರಿಗೂ ಇದೇ ಉತ್ತರ. ಮೂಗಿನ ಪಕ್ಕದ ಸಂದಿಯಿಂದ ಇಣುಕುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಪ್ರಶ್ನೆ: ವರ್ಷ ತುಂಬುವ ಮೊದಲು ಕನ್ನಡಿ ತೋರಿಸಿದರೆ ಮಾತು ತಡವಾಗುತ್ತದಾ?

ಉತ್ತರ: ಇಲ್ಲ. ಧಾರಾಳವಾಗಿ ತೋರಿಸಿ. ಕನ್ನಡಿಯಲ್ಲಿರುವುದು ತಾನೇ ಎಂದು ತಿಳಿಯಲು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕು. ಅಲ್ಲಿಯವರೆಗೆ ಅದು ಆಟದ ಜೊತೆಗಾರ.

ಪ್ರಶ್ನೆ: ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷ್. ಮಗುವಿಗೆ ಗೊಂದಲ ಆಗಲ್ವಾ? (ಬಾಗೇಪಲ್ಲಿ)

ಉತ್ತರ: ಆಗಲ್ಲ. ತೆಲುಗು, ಕನ್ನಡ ಎರಡೂ ಬೆರೆತಿರುವ ಬಾಗೇಪಲ್ಲಿಯವರೇ ಇದನ್ನು ಕೇಳಿದರೆ ನಾನೇನು ಹೇಳಲಿ!

ಪ್ರಶ್ನೆ: ಹದಿನಾಲ್ಕರ ಮಗ ಅರ್ಧ ಗಂಟೆ ತಲೆ ಬಾಚುತ್ತಾನೆ. ಊರೆಲ್ಲ ತನ್ನನ್ನೇ ನೋಡುತ್ತಿದೆ ಅನ್ನುತ್ತಾನೆ.

ಉತ್ತರ: ಆ ವಯಸ್ಸಿಗೆ ಹಾಗನ್ನಿಸುವುದು ಸಹಜ. ನೆಂಟರ ಮುಂದೆ ಅದನ್ನು ಹೇಳಿ ನಗಬೇಡಿ.

ಕೊನೆಗೆ, ಫೋನಿನಲ್ಲೇ ಹೇಳಿಬಿಡಿ ಅನ್ನುವವರಿಗೆ: ನೋಡದೆ ಹೇಳುವುದಿಲ್ಲ. ಮಗುವನ್ನು ಕರೆದುಕೊಂಡು ಬನ್ನಿ, ಆದರೆ ಹೊರಗೆ ಆಡಲು ಬಿಟ್ಟು ಮೊದಲು ನೀವಿಬ್ಬರೇ ಒಳಗೆ ಬನ್ನಿ.