ಚಿತ್ರ ಬಿಡಿಸೋ ಎಐಗೂ ಔಷಧಿ ಹುಡುಕೋ ಎಐಗೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಅದೂ ಹತ್ತಿರದ್ದೇ. ಕೊಪ್ಪಳದವರು ಕೇಳಿದ್ದೀರಿ, ಕಿನ್ನಾಳದ ಗರುಡನ ಗೊಂಬೆಯನ್ನೇ ತಗೊಳ್ಳಿ. ಅದರ ಚಿತ್ರ ಮಾಡಿಕೊಡು ಅಂದರೆ ಡಿಫ್ಯೂಷನ್ ಮಾದರಿ ಅನ್ನೋ ಚಿತ್ರ ಬಿಡಿಸೋ ಎಐ ಅಡ್ಡಾದಿಡ್ಡಿ ಚುಕ್ಕೆಗಳಿಂದ, ಅಂದರೆ ಬರೀ 'ಗದ್ದಲ'ದಿಂದ ಶುರು ಮಾಡುತ್ತದೆ. ಗದ್ದಲ ಸ್ವಲ್ಪ ಸ್ವಲ್ಪವೇ ತೆಗೆದಂತೆ ರೆಕ್ಕೆ, ಚೂಪು ಮೂಗು, ಬಣ್ಣ ಮೂಡುತ್ತವೆ. ಕಲಿಸುವಾಗ ಇದರ ಉಲ್ಟಾ: ಒಳ್ಳೆ ಚಿತ್ರಕ್ಕೆ ಗದ್ದಲ ಬೆರೆಸಿ, ಬೆರೆಸಿದ ಗದ್ದಲ ಯಾವುದು ಅಂತ ಗುರುತಿಸಲು ಮಾದರಿಗೆ ಹೇಳುತ್ತಾರೆ.

ಈಗ ಚುಕ್ಕೆಗಳ ಬದಲು ಪರಮಾಣುಗಳು ಅಂದುಕೊಳ್ಳಿ. ಔಷಧಿ ಹುಡುಕೋಕೆ ದೇಹದ ಪ್ರೋಟೀನುಗಳ ಆಕಾರ ಗೊತ್ತಿದ್ದರೆ ಅನುಕೂಲ; 2024ರ ಆಲ್ಫಾಫೋಲ್ಡ್ 3 ಅನ್ನೋ ಎಐ ಆ ಆಕಾರ ಊಹಿಸೋದು ಇದೇ ತಂತ್ರದಿಂದ. ವಿಜ್ಞಾನಿ ಡೇವಿಡ್ ಬೇಕರ್ ತಂಡದ ಆರ್‌ಎಫ್‌ಡಿಫ್ಯೂಷನ್ ಅನ್ನೋ ಎಐ ಅಂತೂ ಪ್ರಕೃತಿಯಲ್ಲೇ ಇಲ್ಲದ ಪ್ರೋಟೀನ್ ವಿನ್ಯಾಸ ಮಾಡುತ್ತದೆ. ನನಗೆ ಜಾಸ್ತಿ ಮಜಾ ಅನ್ಸೋದು ಇದೇ. ಆದರೆ ಅವನ್ನು ಲ್ಯಾಬಿನಲ್ಲಿ ತಯಾರಿಸಿ ನೋಡಲೇಬೇಕು. ಎಷ್ಟೋ ಅಲ್ಲೇ ಕೈಕೊಡುತ್ತವೆ.