ಲೆಪ್ಟೋನಿಕಾ ಇದೆ, ಆದರೂ ಟೆಸರಾಕ್ಟ್ ಸೋರ್ಸ್‌ನಿಂದ ಬಿಲ್ಡ್ ಆಗುತ್ತಿಲ್ಲ. ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಬೇರೆಯವರಿಗೂ ಉಪಯೋಗವಾಗಲಿ. ನೀವು ಶಿರಸಿಯವರು. ಮನೆಯಲ್ಲಿದ್ದ ಹಳೇ ಯಕ್ಷಗಾನ ಪ್ರಸಂಗದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದೀರಿ. ಆ ಪುಟಗಳಿಂದ ಅಕ್ಷರ ತೆಗೆಯಲು ಟೆಸರಾಕ್ಟ್ ಎಂಬ ಪ್ರೋಗ್ರಾಮ್ ಬೇಕು. ಅದನ್ನು ನಿಮ್ಮದೇ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿನ ಒಳಗೆ ಲೈಬ್ರರಿಯಾಗಿ ಸೇರಿಸಬೇಕು. ಉಬುಂಟು 22.04ರಲ್ಲಿ ಸಿಗುವುದು ಅದರ 4.1.1 ಆವೃತ್ತಿ, ನಿಮಗೆ 5 ಬೇಕು. ಹಾಗಾಗಿ ನೀವೇ ಬಿಲ್ಡ್ ಮಾಡಲು, ಅಂದರೆ ಕಟ್ಟಿಕೊಳ್ಳಲು, ಅದರ ಮೂಲ ಕೋಡ್ ಇರುವ ಸೋರ್ಸ್ ಇಳಿಸಿಕೊಂಡಿರಿ. ಬಿಲ್ಡ್ ಮಾಡಲು ಬೇಕಾದದ್ದೆಲ್ಲ ಇದೆಯೇ ಎಂದು ನೋಡುವ ಕಾನ್ಫಿಗರ್ ಓಡಿಸಿದರೆ ‘ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಹೊಸದು ಬೇಕು’ ಎಂದು ನಿಲ್ಲುತ್ತದೆ. ಲೆಪ್ಟೋನಿಕಾ ಅಂದರೆ ಟೆಸರಾಕ್ಟ್‌ಗೆ ಚಿತ್ರ ತೆರೆದುಕೊಡುವ ಲೈಬ್ರರಿ. ಅದು ಆಗಲೇ ಇದೆ ಎಂದು ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್ ಹೇಳುತ್ತದೆ. ಯಾರನ್ನು ನಂಬುವುದು ಅಂತ ಕೇಳಿದ್ದೀರಿ.

ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ನಿಮ್ಮಲ್ಲಿ ಇರುವುದು ಲಿಬ್‌ಲೆಪ್ಟ್5 ಎಂಬ ಪ್ಯಾಕೇಜ್. ಹಳೇ ಟೆಸರಾಕ್ಟ್ ಹಾಕಿದಾಗ ಅದು ಜೊತೆಗೆ ತಾನಾಗಿ ಬಂದಿದೆ. ಅದರಲ್ಲಿ ಓಡುವ ಲೈಬ್ರರಿ ಮಾತ್ರ ಇರುತ್ತದೆ. ಬಿಲ್ಡ್ ಮಾಡುವವರಿಗೆ ಇನ್ನೂ ಎರಡು ಬೇಕು. ಒಂದು, ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಹೇಳುವ ಹೆಡರ್ ಫೈಲುಗಳು. ಇನ್ನೊಂದು, ಲೈಬ್ರರಿ ಎಲ್ಲಿದೆ ಎಂದು ಹೇಳುವ ಲೆಪ್ಟ್.ಪಿಸಿ ಎಂಬ ಪುಟ್ಟ ಫೈಲು. ಎರಡೂ ಬರುವುದು ಲಿಬ್‌ಲೆಪ್ಟೋನಿಕಾ-ಡೆವ್ ಪ್ಯಾಕೇಜಿನಲ್ಲಿ. ವೇಷಧಾರಿ ಬಣ್ಣ ಹಚ್ಚಿಕೊಂಡು ತಯಾರಾಗಿದ್ದಾನೆ, ಭಾಗವತರ ಕೈಗೆ ಪ್ರಸಂಗದ ಪುಸ್ತಕ ಬಂದಿಲ್ಲ. ನಿಮ್ಮಲ್ಲಿ ಆಗಿರುವುದು ಅಷ್ಟೇ. ಆ ಡೆವ್ ಪ್ಯಾಕೇಜ್ ಹಾಕಿ, ಕಾನ್ಫಿಗರ್ ಮತ್ತೆ ಓಡಿಸಿ. ನೂರಕ್ಕೆ ತೊಂಬತ್ತು ಪಾಲು ಇಲ್ಲಿಗೇ ಮುಗಿಯುತ್ತದೆ.

(ಕಮಾಂಡುಗಳ ಹೆಸರನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ನಿಮಗೆ ಗೊತ್ತೇ ಇದೆ.)

ನಾನು ಘಟ್ಟದ ಕೆಳಗಿನವನು, ಕುಮಟಾದಲ್ಲಿ ಡಿಟಿಪಿ ಕೆಲಸ. ಹಳೇ ಪುಸ್ತಕವನ್ನು ಮತ್ತೆ ಟೈಪ್ ಮಾಡುವ ಬದಲು ಒಸಿಆರ್ (ಚಿತ್ರದಿಂದ ಅಕ್ಷರ ತೆಗೆಯುವುದು) ಮಾಡಿ ತಿದ್ದುವುದೇ ನನ್ನ ದಿನದ ಕೆಲಸ. ನಿಮ್ಮ ಥರದ ಪುಸ್ತಕಗಳನ್ನು ಉಳಿಸುವವರು ಜಾಸ್ತಿ ಆಗಬೇಕು ಎಂಬ ಆಸೆ ನನಗಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸೋರ್ಸ್‌ನಿಂದ ಬಿಲ್ಡ್ ಮಾಡಲೇಬೇಕಾ ಎಂದು ನೋಡಿಕೊಳ್ಳಿ. ಉಬುಂಟು 24.04ಕ್ಕೆ ಹೋದರೆ ಆಪ್ಟ್‌ನಲ್ಲೇ 5.3.4 ಸಿಗುತ್ತದೆ, ಡೆವ್ ಪ್ಯಾಕೇಜ್ ಸಮೇತ. ಇನ್ನೊಂದು, 5 ಹಾಕಿದ ಕೂಡಲೇ ಕನ್ನಡವನ್ನು ಜಾಸ್ತಿ ಸರಿಯಾಗಿ ಓದುತ್ತದೆ ಎಂದು ಕಾಯಬೇಡಿ. ಸಾಲನ್ನು ಇಡಿಯಾಗಿ ಓದುವ ಎಲ್‌ಎಸ್‌ಟಿಎಂ ವಿಧಾನ ಬಂದದ್ದು 2018ರ 4ನೇ ಆವೃತ್ತಿಯಲ್ಲಿ. ಒತ್ತಕ್ಷರ, ಕೊಂಬು ಇರುವ ನಮ್ಮ ಲಿಪಿಗೆ ದೊಡ್ಡ ಬದಲಾವಣೆ ಆದದ್ದು ಆಗಲೇ. 2021ರಲ್ಲಿ ಬಂದ 5ರಲ್ಲಿ ಅದೇ ಲೆಕ್ಕವನ್ನು ಡಬಲ್ ಎಂಬ ದೊಡ್ಡ ಅಂಕಿಯ ಬದಲು ಅದರ ಅರ್ಧ ಜಾಗ ಹಿಡಿಯುವ ಫ್ಲೋಟ್‌ನಲ್ಲಿ ಮಾಡುತ್ತಾರೆ. ಹಾಗಾಗಿ ವೇಗ ಜಾಸ್ತಿ, ಮೆಮೊರಿ ಕಡಿಮೆ. ಕನ್ನಡದ ಡೇಟಾ ಫೈಲು ಮಾತ್ರ ಅದೇ. ನೂರಾರು ಪುಟ ಓಡಿಸುವವರಿಗೆ ವೇಗವೂ ಮುಖ್ಯವೇ, ಅದಕ್ಕೆ ಬಿಲ್ಡ್ ಮಾಡುವುದಾದರೆ ಮಾಡಿ.

ಟೆಸರಾಕ್ಟ್‌ಗೆ ಚಿತ್ರ ಓದಲು ತಾನಾಗಿ ಬರುವುದಿಲ್ಲ. ಎಚ್‌ಪಿ ಕಂಪನಿಯಲ್ಲಿ 1985ರಿಂದ 1994ರ ತನಕ ಬೆಳೆದ, 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಗ್ರಾಮ್ ಅದು. ಅದರ ಕೆಲಸ ಅಕ್ಷರ ಗುರುತಿಸುವುದು. ಚಿತ್ರದ ಫೈಲು ತೆರೆಯುವುದು, ಕಪ್ಪುಬಿಳುಪು ಮಾಡುವುದು ಇವಕ್ಕೆಲ್ಲ ಡ್ಯಾನ್ ಬ್ಲೂಮ್‌ಬರ್ಗ್ ಬರೆದ ಲೆಪ್ಟೋನಿಕಾ ಬೇಕು. ಆ ಲೆಪ್ಟೋನಿಕಾಕ್ಕೂ ಟಿಫ್ ತೆರೆಯಲು ಲಿಬ್‌ಟಿಫ್ ಬೇಕು, ಪಿಎನ್‌ಜಿಗೆ ಲಿಬ್‌ಪಿಎನ್‌ಜಿ, ಜೆಪೆಗ್‌ಗೆ ಲಿಬ್‌ಜೆಪೆಗ್, ಕೆಳಗೆ ಜೆಡ್‌ಲಿಬ್. ಸೋರ್ಸ್ ಬಿಲ್ಡ್‌ನಲ್ಲಿ ಬರುವ ತೊಂದರೆ ಹೆಚ್ಚಾಗಿ ನೀವು ಕಟ್ಟುತ್ತಿರುವ ವಸ್ತುವಿನಲ್ಲಿ ಇರುವುದಿಲ್ಲ, ಅದರ ಕೆಳಗಿನ ಪದರದಲ್ಲಿ ಇರುತ್ತದೆ. ಟೆಸರಾಕ್ಟ್ ಬೈದರೆ ಲೆಪ್ಟೋನಿಕಾ ನೋಡಿ, ಲೆಪ್ಟೋನಿಕಾ ಬೈದರೆ ಲಿಬ್‌ಟಿಫ್ ನೋಡಿ.

ಕೆಳಗಿನ ಪದರ ಬೈಯದೇ ಸುಮ್ನೆ ಇದ್ದುಬಿಟ್ಟರೆ ಇನ್ನೂ ಕಷ್ಟ. 22.04ರಲ್ಲಿರುವ ಲೆಪ್ಟೋನಿಕಾ 1.82, ನಿಮಗೆ ಧಾರಾಳ ಸಾಕು. ಅದನ್ನೂ ಸೋರ್ಸ್‌ನಿಂದ ಕಟ್ಟಲು ಹೋಗಬೇಡಿ ಎಂದೇ ನನ್ನ ಸಲಹೆ. ಆದರೂ ಕಟ್ಟುವುದಾದರೆ ಒಂದು ವಿಷಯ ನೆನಪಿಡಿ. ಲೆಪ್ಟೋನಿಕಾದ ಕಾನ್ಫಿಗರ್‌ಗೆ ಲಿಬ್‌ಟಿಫ್‌ನ ಡೆವ್ ಪ್ಯಾಕೇಜ್ ಸಿಗದಿದ್ದರೆ ಅದು ನಿಲ್ಲುವುದಿಲ್ಲ. ‘ಇಲ್ಲ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ನೂರಾರು ಸಾಲುಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಪೈಲ್ ಮಾಡಿಸುವ ಮೇಕ್ ಆಗುತ್ತದೆ, ಇನ್‌ಸ್ಟಾಲ್ ಆಗುತ್ತದೆ, ಟೆಸರಾಕ್ಟ್ ಕೂಡ ಅದರ ಮೇಲೆ ಚೆನ್ನಾಗಿ ಕಟ್ಟಿಕೊಳ್ಳುತ್ತದೆ. ಕೊನೆಗೆ ನಿಮ್ಮ ಮೊದಲ ಟಿಫ್ ಪುಟ ಕೊಟ್ಟಾಗ ಮಾತ್ರ ಚಿತ್ರ ಓದಲಾಗಲಿಲ್ಲ ಎಂದು ಬರುತ್ತದೆ. ಆಗ ಎಲ್ಲರೂ ಸ್ಕ್ಯಾನರ್ ಮೇಲೆ ಅನುಮಾನ ಪಡುತ್ತಾರೆ.

ಇದನ್ನು ಪತ್ತೆ ಮಾಡುವುದು ಸುಲಭ. ಬಿಲ್ಡ್ ಆದ ಮೇಲೆ ಟೆಸರಾಕ್ಟ್ --ವರ್ಶನ್ ಹೊಡೆಯಿರಿ. ಮೊದಲ ಸಾಲಿನಲ್ಲಿ ಟೆಸರಾಕ್ಟ್ ಆವೃತ್ತಿ, ಎರಡನೇ ಸಾಲಿನಲ್ಲಿ ಲೆಪ್ಟೋನಿಕಾದ್ದು. ಮೂರನೇ ಸಾಲನ್ನು ನಿಧಾನವಾಗಿ ಓದಿ. ಲಿಬ್‌ಜೆಪೆಗ್, ಲಿಬ್‌ಪಿಎನ್‌ಜಿ, ಲಿಬ್‌ಟಿಫ್, ಜೆಡ್‌ಲಿಬ್ ಎಂದು ಒಂದೊಂದರ ಅಂಕಿ ಸಮೇತ ಸಾಲಾಗಿ ಇರುತ್ತವೆ. ಆ ಸಾಲಿನಲ್ಲಿ ಯಾವ ಹೆಸರು ಇಲ್ಲವೋ ಆ ಥರದ ಚಿತ್ರ ನಿಮ್ಮ ಬಿಲ್ಡ್‌ಗೆ ಓದಲು ಬರುವುದಿಲ್ಲ. ಆಗ ಆ ಡೆವ್ ಪ್ಯಾಕೇಜ್ ಹಾಕಿ ಲೆಪ್ಟೋನಿಕಾವನ್ನು ಕಾನ್ಫಿಗರ್‌ನಿಂದ ಮತ್ತೆ ಕಟ್ಟಬೇಕು. ಬರೀ ಮೇಕ್ ಸಾಲದು.

ಈಗ ನಿಮ್ಮ ಕೆಲಸದ ಕ್ರಮ. ಆಪ್ಟ್‌ನಿಂದ ಬಿಲ್ಡ್-ಎಸೆನ್ಶಿಯಲ್, ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್, ಪಿಕೆಜಿ-ಕಾನ್ಫಿಗ್, ಲಿಬ್‌ಲೆಪ್ಟೋನಿಕಾ-ಡೆವ್ ಹಾಕಿ. ಯಾವ ಲೈಬ್ರರಿ ಎಲ್ಲಿದೆ ಎಂದು ಹೇಳುವ ಪಿಕೆಜಿ-ಕಾನ್ಫಿಗ್ ಮರೆತರೆ ಎರರ್ ವಿಚಿತ್ರವಾಗಿ ಬರುತ್ತದೆ. ಕಾನ್ಫಿಗರ್ ಫೈಲಿನ ಯಾವುದೋ ಸಾಲಿನಲ್ಲಿ ಸಿಂಟ್ಯಾಕ್ಸ್ ತಪ್ಪಿದೆ ಎನ್ನುತ್ತದೆ. ಫೈಲು ಸರಿಯಾಗಿಯೇ ಇರುತ್ತದೆ. ಪಿಕೆಜಿ-ಕಾನ್ಫಿಗ್ ಹಾಕಿ, ಕಾನ್ಫಿಗರ್ ಫೈಲನ್ನು ತಯಾರಿಸುವ ಆಟೋಜೆನ್.ಎಸ್‌ಎಚ್‌ನಿಂದ ಮತ್ತೆ ಶುರು ಮಾಡಿದರೆ ಹೋಗುತ್ತದೆ.

ಮುಂದೆ ಹೋಗುವ ಮೊದಲು ಪಿಕೆಜಿ-ಕಾನ್ಫಿಗ್ --ಮಾಡ್‌ವರ್ಶನ್ ಲೆಪ್ಟ್ ಎಂದು ಕೇಳಿ. ಒಂದು ಅಂಕಿ ಬಂದರೆ ದಾರಿ ತೆರೆದಿದೆ. ಟೆಸರಾಕ್ಟ್‌ನ ಕಾನ್ಫಿಗರ್ ಕೂಡ ಕೇಳುವುದು ಇದೇ ಪ್ರಶ್ನೆಯನ್ನು. ‘ಲೆಪ್ಟ್ ಎಂಬ ಪ್ಯಾಕೇಜ್ ಇಲ್ಲ’ ಎಂದು ಬಂದರೆ ಕಾನ್ಫಿಗರ್ ಓಡಿಸಿ ಪ್ರಯೋಜನ ಇಲ್ಲ. ಲೆಪ್ಟೋನಿಕಾವನ್ನು ನಿಮ್ಮ ಹೋಮ್ ಫೋಲ್ಡರಿನ ಒಳಗೆ ಎಲ್ಲೋ ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತದೆ. ಆಗ ಲೆಪ್ಟ್.ಪಿಸಿ ಇರುವ ಫೋಲ್ಡರನ್ನು ಪಿಕೆಜಿ_ಕಾನ್ಫಿಗ್_ಪಾತ್ ಎಂಬ ಎನ್ವಿರಾನ್ಮೆಂಟ್ ವೇರಿಯೇಬಲ್‌ನಲ್ಲಿ ತೋರಿಸಿಕೊಡಬೇಕು.

ಸೋರ್ಸ್ ಇಳಿಸುವಾಗ ಗಿಟ್ ಕ್ಲೋನ್‌ಗೆ --ಡೆಪ್ತ್ 1 ಸೇರಿಸಿ. ಹಳೇ ಇತಿಹಾಸವೆಲ್ಲ ಬರುವುದಿಲ್ಲ, ಬೇಗ ಮುಗಿಯುತ್ತದೆ. ನೆಟ್ ನಡುವೆ ಕಡಿದುಹೋದರೆ ಕ್ಲೋನ್ ಮತ್ತೆ ಮೊದಲಿನಿಂದಲೇ ಶುರುವಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ.

ಆಮೇಲೆ ಸೋರ್ಸ್ ಫೋಲ್ಡರಿನಲ್ಲಿ ಆಟೋಜೆನ್.ಎಸ್‌ಎಚ್ ಓಡಿಸಿ. ಅದರ ಒಳಗೆ ಬಿಲ್ಡ್ ಎಂದು ಬೇರೆ ಫೋಲ್ಡರ್ ಮಾಡಿ, ಅಲ್ಲಿಂದ ಕಾನ್ಫಿಗರ್ ಕರೆಯಿರಿ. ಏನಾದರೂ ಕೆಟ್ಟರೆ ಆ ಫೋಲ್ಡರ್ ಅಳಿಸಿದರೆ ಆಯ್ತು, ಸೋರ್ಸ್ ಸ್ವಚ್ಛವಾಗಿ ಉಳಿಯುತ್ತದೆ. ನಂತರ ಮೇಕ್. ಕಂಪೈಲರ್ ಸಿ ಪ್ಲಸ್ ಪ್ಲಸ್ 17 ಗೊತ್ತಿರುವಂಥದ್ದು ಬೇಕು, 22.04ರ ಜಿಸಿಸಿಗೆ ಅದು ಬರುತ್ತದೆ. ಮೇಕ್ -ಜೆ4 ಎಂದರೆ ನಾಲ್ಕು ಫೈಲು ಒಟ್ಟಿಗೆ ಕಂಪೈಲ್ ಆಗುತ್ತವೆ. 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆದಿಟ್ಟು ಹೀಗೆ ಮಾಡಿದರೆ ಮೆಮೊರಿ ಸಾಲದೆ ಕಂಪೈಲರನ್ನು ಸಿಸ್ಟಮ್ಮೇ ಕೊಂದುಬಿಡಬಹುದು. ‘ಕಿಲ್ಡ್’ ಎಂಬ ಪದ ಕಂಡರೆ ಕೋಡಿನಲ್ಲಿ ತಪ್ಪು ಹುಡುಕಬೇಡಿ. ಬ್ರೌಸರ್ ಮುಚ್ಚಿ, -ಜೆ1 ಕೊಡಿ, ನಿಧಾನವಾಗಿ ಆಗಲಿ.

ಕರೆಂಟ್ ಹೋಗುವುದರ ಬಗ್ಗೆ ಯಾವ ಸೂಚನೆಯ ಪುಟದಲ್ಲೂ ಬರೆದಿರುವುದಿಲ್ಲ, ಆದರೆ ಶಿರಸಿ ಕುಮಟಾದವರಿಗೆ ಅದು ಬೇಕು. ಮೇಕ್ ಅರ್ಧಕ್ಕೆ ನಿಂತರೆ ಮತ್ತೆ ಮೇಕ್ ಹೊಡೆದರೆ ಸಾಕು. ಅದು ಫೈಲುಗಳ ಸಮಯ ನೋಡಿ, ಆದದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಮಾಡುತ್ತದೆ. ನೀವೇ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೆ ಅರ್ಧ ಬರೆದ ಫೈಲನ್ನು ಮೇಕ್ ತಾನೇ ಅಳಿಸುತ್ತದೆ. ಬ್ಯಾಟರಿ ಸತ್ತು ಯಂತ್ರವೇ ಆರಿದರೆ ಅದಕ್ಕೆ ಆ ಅವಕಾಶ ಸಿಗುವುದಿಲ್ಲ. ಆಗ ಖಾಲಿ ಆಬ್ಜೆಕ್ಟ್ ಫೈಲು (ಕಂಪೈಲ್ ಆದ ತುಣುಕು) ಒಂದೆರಡು ಉಳಿದುಕೊಳ್ಳಬಹುದು. ಸಮಯ ಹೊಸದು, ಒಳಗೆ ಏನೂ ಇಲ್ಲ. ಮೇಕ್ ಅದನ್ನು ‘ಆಗಿದೆ’ ಎಂದೇ ಎಣಿಸುತ್ತದೆ, ಕೊನೆಗೆ ತುಣುಕುಗಳನ್ನೆಲ್ಲ ಜೋಡಿಸಿ ಲಿಂಕ್ ಮಾಡುವಾಗ ಅರ್ಥವಾಗದ ಎರರ್ ಬರುತ್ತದೆ. ಹಾಗೆ ಆರಿದ ಮೇಲೆ ಶೂನ್ಯ ಗಾತ್ರದ ಫೈಲು ಹುಡುಕಿ ಅಳಿಸಿ, ಇಲ್ಲವೇ ಮೇಕ್ ಕ್ಲೀನ್ ಮಾಡಿ ಮೊದಲಿನಿಂದ ಕಟ್ಟಿ.

ಸುಡೋ ಮೇಕ್ ಇನ್‌ಸ್ಟಾಲ್ ಆದ ಮೇಲೆ ಸುಡೋ ಎಲ್‌ಡಿಕಾನ್ಫಿಗ್ ಮರೆಯಬೇಡಿ. ಲೈಬ್ರರಿ ಹೋಗಿ ಕೂರುವುದು ಯುಎಸ್ಆರ್/ಲೋಕಲ್/ಲಿಬ್‌ನಲ್ಲಿ. ಅಲ್ಲಿ ಹೊಸದೊಂದು ಬಂದಿದೆ ಎಂದು, ಪ್ರೋಗ್ರಾಮ್ ಓಡುವಾಗ ಲೈಬ್ರರಿ ಹುಡುಕುವ ಲೋಡರ್‌ಗೆ ಗೊತ್ತಾಗುವುದು ಎಲ್‌ಡಿಕಾನ್ಫಿಗ್ ಓಡಿದ ಮೇಲೆಯೇ. ಇಲ್ಲದಿದ್ದರೆ ಲಿಬ್‌ಟೆಸರಾಕ್ಟ್.ಎಸ್‌ಒ.5 ಸಿಗಲಿಲ್ಲ ಎಂದು ಬರುತ್ತದೆ, ಫೈಲು ಕಣ್ಣೆದುರೇ ಇದ್ದರೂ. --ವರ್ಶನ್ ಇನ್ನೂ 4.1.1 ತೋರಿಸಿದರೆ ಶೆಲ್ ಹಳೇ ದಾರಿಯನ್ನೇ ನೆನಪಿಟ್ಟುಕೊಂಡಿದೆ ಎಂದರ್ಥ. ಹ್ಯಾಶ್ -ಆರ್ ಹೊಡೆಯಿರಿ, ಇಲ್ಲವೇ ಹೊಸ ಟರ್ಮಿನಲ್ ತೆರೆಯಿರಿ. ಸೋರ್ಸ್ ಮತ್ತು ಬಿಲ್ಡ್ ಫೋಲ್ಡರುಗಳನ್ನು ಹಾಗೇ ಇಟ್ಟುಕೊಳ್ಳಿ. ಮುಂದೆ ತೆಗೆಯಬೇಕು ಅನ್ನಿಸಿದರೆ ಅಲ್ಲಿಂದಲೇ ಮೇಕ್ ಅನ್‌ಇನ್‌ಸ್ಟಾಲ್ ಮಾಡಬಹುದು.

ಇಷ್ಟಾದ ಮೇಲೆ ಕನ್ನಡ ಮಾಯವಾಗಿರುತ್ತದೆ. ಗಾಬರಿ ಬೇಡ. ಆಪ್ಟ್ ಹಾಕಿದ ಕನ್ನಡದ ಡೇಟಾ 22.04ರಲ್ಲಿ ಯುಎಸ್ಆರ್/ಶೇರ್/ಟೆಸರಾಕ್ಟ್-ಒಸಿಆರ್/4.00/ಟೆಸ್‌ಡೇಟಾದಲ್ಲಿ ಇದೆ. ನೀವು ಕಟ್ಟಿದ್ದು ಹುಡುಕುವುದು ಯುಎಸ್ಆರ್/ಲೋಕಲ್/ಶೇರ್/ಟೆಸ್‌ಡೇಟಾದಲ್ಲಿ. ಕ್ಯಾನ್.ಟ್ರೇನ್ಡ್‌ಡೇಟಾ (ಕ್ಯಾನ್ ಅಂದರೆ ಕನ್ನಡ) ಎಂಬ ಫೈಲನ್ನು ಅಲ್ಲಿಗೆ ಕಾಪಿ ಮಾಡಿ, ಇಲ್ಲವೇ ಟೆಸ್‌ಡೇಟಾ_ಪ್ರಿಫಿಕ್ಸ್ ವೇರಿಯೇಬಲ್‌ನಲ್ಲಿ ಹಳೇ ಜಾಗ ತೋರಿಸಿ. ಹಳೇ 3ನೇ ಆವೃತ್ತಿಯ ಸೂಚನೆಗಳಲ್ಲಿ ಟೆಸ್‌ಡೇಟಾದ ಮೇಲಿನ ಫೋಲ್ಡರ್ ಕೊಡಲು ಹೇಳಿರುತ್ತಾರೆ, ಈಗ ಟೆಸ್‌ಡೇಟಾ ಫೋಲ್ಡರನ್ನೇ ಕೊಡಬೇಕು. --ಲಿಸ್ಟ್-ಲ್ಯಾಂಗ್ಸ್ ಕೇಳಿದಾಗ ಕ್ಯಾನ್ ಕಂಡರೆ ಆಯ್ತು. ಡೇಟಾದಲ್ಲಿ ಫಾಸ್ಟ್ ಮತ್ತು ಬೆಸ್ಟ್ ಎಂದು ಬೇರೆ ಬೇರೆ ಸಿಗುತ್ತವೆ. ಹಳೇ ಅಚ್ಚಿನ ಪುಸ್ತಕಕ್ಕೆ ನಾನು ಬಳಸುವುದು ಬೆಸ್ಟ್. ನಿಧಾನ ಹೌದು, ಆದರೆ ಆ ಅಚ್ಚುಮೊಳೆಗೆ ತಕ್ಕ ಹಾಗೆ ಮುಂದೆ ಟ್ರೇನ್ ಮಾಡುವುದಾದರೆ ಬೆಸ್ಟ್‌ನ ಮೇಲೆಯೇ ಮಾಡಬೇಕು. ಸ್ಕ್ಯಾನ್ 300 ಡಿಪಿಐ ಇರಲಿ.

ಕೊನೆಗೆ ನಿಮ್ಮ ಪ್ರೋಗ್ರಾಮ್. ಆಪ್ಟ್‌ನಿಂದ ಲಿಬ್‌ಟೆಸರಾಕ್ಟ್-ಡೆವ್ ಹಾಕಿದ್ದರೆ ಅದನ್ನು ತೆಗೆದುಬಿಡಿ. ಓಡುವ ಲೈಬ್ರರಿಗಳು 4 ಮತ್ತು 5 ಒಟ್ಟಿಗೆ ಇರಬಹುದು, ಫೈಲಿನ ಹೆಸರಿನಲ್ಲೇ ಅಂಕಿ ಬೇರೆ. ಹೆಡರ್‌ಗಳು ಮಾತ್ರ ಎರಡು ಕಡೆ ಇದ್ದರೆ 4ರ ಹೆಡರ್ ಓದಿ 5ಕ್ಕೆ ಲಿಂಕ್ ಆಗುವ ಅಪಾಯ ಇದೆ. ಕಂಪೈಲ್ ಮಾಡುವಾಗ ಬೇಕಾದ ಫ್ಲ್ಯಾಗುಗಳನ್ನು ಕೈಯಲ್ಲಿ ಬರೆಯಬೇಡಿ, ಪಿಕೆಜಿ-ಕಾನ್ಫಿಗ್‌ಗೆ ಟೆಸರಾಕ್ಟ್ ಮತ್ತು ಲೆಪ್ಟ್ ಎರಡೂ ಹೆಸರು ಕೊಟ್ಟು ಕೇಳಿ. ಆ ಲೈಬ್ರರಿ ಫ್ಲ್ಯಾಗುಗಳು ನಿಮ್ಮ ಸೋರ್ಸ್ ಫೈಲಿನ ಹೆಸರು ಆದ ಮೇಲೆ ಬರಬೇಕು. ಮೊದಲೇ ಬಂದರೆ ಲಿಂಕರ್ ‘ಇದು ಯಾರಿಗೂ ಬೇಡ’ ಎಂದು ಬಿಟ್ಟುಬಿಡುತ್ತದೆ, ಅನ್‌ಡಿಫೈನ್ಡ್ ರೆಫರೆನ್ಸ್ ಎಂದು ರಾಶಿ ಎರರ್ ಬೀಳುತ್ತವೆ. ಕೋಡಿನಲ್ಲಿ ಟೆಸರಾಕ್ಟನ್ನು ಶುರು ಮಾಡುವ ಇನಿಟ್ ಕರೆದಾಗ ಭಾಷೆಯ ಜಾಗದಲ್ಲಿ ಕ್ಯಾನ್ ಕೊಡಿ. ಅದು ಸೊನ್ನೆ ವಾಪಸ್ ಕೊಟ್ಟಿತೇ ಎಂದು ನೋಡಿಯೇ ಮುಂದೆ ಹೋಗಿ. ಬೇರೆ ಅಂಕಿ ಬಂದರೆ ಡೇಟಾ ಫೈಲು ಸಿಕ್ಕಿಲ್ಲ ಎಂದೇ ಹೆಚ್ಚಾಗಿ ಅರ್ಥ.

ಇಷ್ಟು ಮಾಡಿಯೂ ಕಾನ್ಫಿಗರ್ ಅಲ್ಲೇ ನಿಂತರೆ, ಬಿಲ್ಡ್ ಫೋಲ್ಡರಿನಲ್ಲಿ ಕಾನ್ಫಿಗ್.ಲಾಗ್ ಎಂಬ ಫೈಲು ಇರುತ್ತದೆ. ಪರದೆಯ ಮೇಲೆ ಬರುವ ಒಂದು ಸಾಲಿನ ಎರರ್‌ಗಿಂತ ಅದರಲ್ಲಿ ಎಷ್ಟೋ ಜಾಸ್ತಿ ವಿವರ ಇದೆ. ಯಾವ ಕಮಾಂಡ್ ಓಡಿಸಿತು, ಏನು ಉತ್ತರ ಬಂತು ಎಲ್ಲ. ಅದರಲ್ಲಿ ಲೆಪ್ಟ್ ಎಂದು ಹುಡುಕಿ, ಮೊದಲು ಸಿಕ್ಕ ಜಾಗದ ಸುತ್ತಲಿನ ಸಾಲುಗಳನ್ನು ಇಲ್ಲಿ ಹಾಕಿ. ಪಿಕೆಜಿ-ಕಾನ್ಫಿಗ್ ಏನು ಹೇಳಿತು ಎಂಬುದನ್ನೂ ಸೇರಿಸಿ. ನೋಡಿ ಹೇಳುತ್ತೇನೆ.